ಮದ್ದು

ದುರ್ಗಿಗುಡಿಯ ನನ್ನ ಅಂಗಡಿಗೆ
ತಿಂಗಳ ಮೊದಲ ಬುಧವಾರ ಬರುತ್ತಾನೆ ಚೌಡಭೋವಿ.
ಚೀಟಿ ಕೊಡುವುದಿಲ್ಲ; ಬಾಯಿ ತೆರೆದು
ನಾಲಿಗೆ ಎತ್ತಿ ತೋರಿಸುತ್ತಾನೆ: 'ಇದರಡಿಗೆ.'

ಕಂದು ಗಾಜಿನ ಪುಟ್ಟ ಶೀಶೆ.
ಅಂಗಿ ಜೇಬಲ್ಲಿ ಇಡಬೇಡ, ಮೈಬಿಸಿಗೆ ಕೆಡುತ್ತದೆ,
ಬಿಸಿಲಿಗೆ ಹಿಡಿಯಬೇಡ, ಬೇರೆಯದರ ಜೊತೆ ಬೆರೆಸಬೇಡ
ಎನ್ನುತ್ತಾ ಹೋದರೆ ನಗುತ್ತಾನೆ:
'ಮೂವತ್ತೊಂದು ವರ್ಷ ಇದೇ ಮಾತು ಕೇಳಿದೀನಿ ತಾಯೀ,
ಕಲ್ಲಿಗೆ ಹಾಕೋ ಮದ್ದಿಗೆ.'

ಶೀಶೆಯ ಮೇಲಿನ ಹೆಸರು ಅವನಿಗೆ ಓದಲು ಬಾರದು.
ನೈಟ್ರೋಗ್ಲಿಸರಿನ್.
ಅದೇ. ಬೇರೆಯದಲ್ಲ.

ಆಗಿನ ಜಿಲೆಟಿನ್ ಕಡ್ಡಿ ಬೆವರುತ್ತಿತ್ತಂತೆ,
ಬೆರಳೆಲ್ಲ ಎಣ್ಣೆ ಎಣ್ಣೆ.
ಮಂಗಳವಾರ ಸಂತೆ, ಕ್ವಾರಿಗೆ ರಜ.
ಬುಧವಾರ ಕಡ್ಡಿ ಮುಟ್ಟಿದ ಗಳಿಗೆಗೇ
ನೆತ್ತಿಯೊಳಗೆ ಚಮ್ಮಟಿಗೆ.
ಗುರುವಾರ ಇಲ್ಲ. ಮತ್ತೆ ಮುಂದಿನ ಬುಧವಾರ.

ಹೆಂಡತಿ ಕೆಂಚಮ್ಮ ತೀರ್ಮಾನಿಸಿದಳು:
ಸಂತೆಯಲ್ಲಿ ಯಾರೋ ಮದ್ದು ಹಾಕಿದ್ದಾರೆ.
ಯಾರು? ಬೋಂಡದ ಅಂಗಡಿಯವಳು, ಇನ್ಯಾರು.
ಆಯನೂರಿನ ಆಚೆ ಮದ್ದು ತೆಗೆಯುವವನಲ್ಲಿಗೆ
ಎಳಕೊಂಡು ಹೋಗಿ, ಸೊಪ್ಪಿನ ರಸ ಕುಡಿಸಿ
ಕಕ್ಕಿಸಿದಳು.
ಬೋಂಡ ಬಂತು. ಮದ್ದು ಬರಲಿಲ್ಲ.

ಹಳೆಯ ಕೈ ಬುಡೇನ್ ಸಾಬರು ಉಪಾಯ ಹೇಳಿದರು:
ಸಂತೆಗೆ ಹೋಗುವಾಗ ಕಡ್ಡಿ ಸುತ್ತಿದ ಕಾಗದದ ಚೂರು
ರುಮಾಲಿನ ಒಳಮಡಿಕೆಗೆ ಸೇರಿಸಿಕೋ,
ಮೈಗೆ ಮರೆಯಲು ಬಿಡಬೇಡ.
ನೋವು ನಿಂತಿತು.
ಬೋಂಡದವಳ ಮೇಲಿನ ಮಾತೂ ನಿಂತಿತು, ಊರಲ್ಲೇ.

ನನಗೆ ಗೊತ್ತಿರುವುದು ಇಷ್ಟು:
ಒಂದು ಸಾರಜನಕ, ಒಂದು ಆಮ್ಲಜನಕ,
ನೈಟ್ರಿಕ್ ಆಕ್ಸೈಡ್; ಆಯುಷ್ಯ ಕೆಲವೇ ಸೆಕೆಂಡು.
ರಕ್ತನಾಳದ ಒಳಚರ್ಮ ಅದನ್ನು ಉಸುರುತ್ತದೆ
ಪಕ್ಕದ ಸ್ನಾಯುವಿನ ಕಿವಿಯಲ್ಲಿ: ಬಿಡು, ಬಿಗಿ ಬಿಡು.
ಹೇಳಿ ಮುಗಿಯುವಷ್ಟರಲ್ಲಿ ಹೇಳಿದ್ದು ಇಲ್ಲ.
ವಯಸ್ಸು, ಬೀಡಿ, ಸಕ್ಕರೆ ಕಾಯಿಲೆ
ಆ ಉಸುರನ್ನು ಅಡಗಿಸಿದರೆ
ಮಾತ್ರೆ ಕರಗಿ, ಅದರ ಪರವಾಗಿ ಮಾತಾಡುತ್ತದೆ.

ಕತ್ತಲಾದ ಮೇಲೆ ಬಂದು, ಕಾಗದದಲ್ಲಿ ಸುತ್ತಿಕೊಡಿ ಎನ್ನುವ
ನೀಲಿ ಮಾತ್ರೆಯ ಗಂಡಸರೂ ಕೊಳ್ಳುವುದು
ಅದೇ ಪಿಸುಮಾತಿಗೆ ಇನ್ನಷ್ಟು ಹೊತ್ತು.
'ಎದೆನೋವಿಗೆ ಏನಾದರೂ ತಗೋತೀರಾ?'
ಗಟ್ಟಿಯಾಗಿಯೇ ಕೇಳುತ್ತೇನೆ.
ಎರಡೂ ಕೂಡಿದರೆ ಬಿಪಿ, ಹಗ್ಗ ಹರಿದ ಕೊಡ.
ಬೈದುಕೊಂಡು ಹೋಗುತ್ತಾರೆ. ಹೋಗಲಿ.

ಕೆಂಚಮ್ಮ ಸಾಯುವಾಗ ಏನೂ ಸಿಡಿಯಲಿಲ್ಲ.
ಅಂಗಾಲಿಗೆ ಜಲ್ಲಿ ಚುಚ್ಚಿ ಕೀವು, ಕೀವು ರಕ್ತಕ್ಕೆ.
ಮೂರನೆಯ ರಾತ್ರಿ ಐಸಿಯುಗೆ ನಾನೇ ಓಡಿ ಕೊಟ್ಟೆ
ನಾಳ ಬಿಗಿಸುವ ಇಂಜೆಕ್ಷನ್ನು, ಎಂಟು, ಮತ್ತೆ ಎಂಟು.
ಸೋಂಕಿಗೆ ಬೆದರಿದ ಮೈ ಅದೇ ಅನಿಲವನ್ನು
ಹಿಡಿತವಿಲ್ಲದೆ ಸುರಿಯುತ್ತಿತ್ತು:
ಬಿಡು, ಬಿಡು, ಬಿಡು.
ಎಲ್ಲ ನಾಳಗಳೂ ಮಾತು ಕೇಳಿದವು.
'ಯಾವ ಮದ್ದೂ ತಾಗಲಿಲ್ವಾ ತಾಯೀ?' ಅಂದ ಅವನು.
ತಾಗಿದ್ದೇ ಅದು ಎಂದು ಹೇಗೆ ಹೇಳಲಿ.

ಈ ಮೇ ತಿಂಗಳು ಬಂದಾಗ ಕ್ವಾರಿಯ ಸುದ್ದಿ ತಂದ.
ಮುಚ್ಚಿದ ಗುಂಡಿಯಲ್ಲಿ ನೀರು, ದಡದ ಪೊದೆಗಳಲ್ಲಿ
ಮಿಂಚುಹುಳ, ಸಾಲುಮದ್ದು ಹೊತ್ತಿದ ಹಾಗೆ,
ಆದರೆ ಸದ್ದಿಲ್ಲ.
'ಎಣಿಸ್ತಾ ಕೂತೆ. ಅಭ್ಯಾಸ.
ಒಂದು ಸಿಡೀದೇ ಉಳಿದ್ರೂ
ಯಾರನ್ನೂ ಒಳಗೆ ಬಿಡಬಾರದು ನೋಡಿ.'
ಎಷ್ಟಾಯಿತು ಅಂದೆ.
'ಲೆಕ್ಕ ತಪ್ಪಿತು.'

ಆ ಹುಳದ ದೀಪ ಹೊತ್ತಿಸುವುದೂ ಅದೇ ಅನಿಲವೆಂದು
ಎಲ್ಲೋ ಓದಿದ್ದೆ. ಹೇಳಲಿಲ್ಲ.
ಚಿಲ್ಲರೆ ಇರಲಿಲ್ಲ, ಎರಡು ಶುಂಠಿ ಪೆಪ್ಪರಮೆಂಟು ಕೊಟ್ಟೆ.
ಒಂದನ್ನು ಬಿಚ್ಚಿ, ಯೋಚಿಸದೆ,
ನಾಲಿಗೆಯ ಅಡಿಗೇ ಇಟ್ಟುಕೊಂಡು ಹೊರಟ.